ಕಂಠದ ನೆಪ

ಬುಧವಾರ, ತಾರೀಖು ೧೪

ಪ್ರೀತಿಯ ಪುಟ್ಟಿಗೆ,

ಅಮ್ಮನ ಮುತ್ತುಗಳು. ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳದಿದ್ದರೆ ನನಗೆ ತಿಂದದ್ದು ಇಳಿಯುವುದಿಲ್ಲ, ನಿನಗೇ ಗೊತ್ತಲ್ಲ. ನೀನು ಅಷ್ಟು ಸಲ ಫೋನ್ ಮಾಡಿದರೂ ನಾನು ಮಾತಾಡಲಿಲ್ಲ ಎಂದು ಕೋಪ ಮಾಡಿಕೊಳ್ಳಬೇಡ. "ನಿಮ್ಮಮ್ಮನ ಗಂಟಲು ಕಟ್ಟಿದೆ, ಮನೆ ತಣ್ಣಗಿದೆ" ಎಂದು ನಿಮ್ಮಪ್ಪ ನಕ್ಕರಲ್ಲ, ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಗಂಟಲಿಗೆ ಏನೂ ಆಗಿಲ್ಲ ಪುಟ್ಟಿ. ಇಷ್ಟು ದಿನ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಫೋನು ನಿಮ್ಮಪ್ಪನ ಜೇಬಿನಲ್ಲಿರುತ್ತದೆ, ಅದಕ್ಕೇ ಈ ಕಾಗದ. ಅವರು ಡಿಪೋಗೆ ಹೋದ ಮೇಲೆ ಕೂತು ಬರೆಯುತ್ತಿದ್ದೇನೆ.

ಇದನ್ನು ನೀನು ಒಬ್ಬಳೇ ಇದ್ದಾಗ ಓದು. ಅಳಿಯಂದಿರ ಕೈಗೆ ಸಿಕ್ಕಿದರೆ ಮತ್ತೆ ನಾನು ಅವರ ಮುಖ ನೋಡುವುದು ಹೇಗೆ? ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ. ಐದನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ನಗಬೇಡ. ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ಕಳೆದ ತಿಂಗಳು ನಮ್ಮ ಹೊಲಿಗೆ ಅಂಗಡಿಗೆ ಉಣ್ಣೆಯ ಕೋಟುಗಳ ಕೆಲಸ ಬಂತು. ಕತ್ತರಿ ಹಾಕಿದರೆ ಸಾಕು, ಮೂಗು ಬಾಯಿಗೆಲ್ಲ ಧೂಳು. ಕೆಮ್ಮಿ ಕೆಮ್ಮಿ ಗಂಟಲು ಹುಣ್ಣಾಯಿತು. ಆ ಕೆಮ್ಮು ಮಾತ್ರ ನಿಜ. ಸರ್ಕಾರಿ ಆಸ್ಪತ್ರೆಗೆ ಹೋದೆ. ಔಷಧಿ ಕೊಡುವಲ್ಲಿ ಬಾಗಿಲ ತನಕ ಸಾಲು. ವರಾಂಡದ ಕೊನೆಯಲ್ಲಿ ಒಂದು ಕೋಣೆ, ಬಾಗಿಲ ಮೇಲೆ ಬರೆದ ಹಲಗೆ. ನನ್ನ ಓದು ನಿನಗೆ ಗೊತ್ತು, ಉದ್ದ ಪದ ಬಂದರೆ ಬಾಲ ಹಿಡಿದುಕೊಂಡು ಉಳಿದದ್ದನ್ನು ಬಿಡುತ್ತೇನೆ. "ಕಂಠ ಪರೀಕ್ಷೆ, ಉಚಿತ" ಎಂದು ಓದಿದೆ. ನನಗೆ ಬೇಕಾದದ್ದೇ ಸಿಕ್ಕಿತು, ಸಾಲೂ ಇಲ್ಲ ಎಂದು ಸೀದಾ ಒಳಗೆ ಹೋದೆ.

ಸಿಸ್ಟರ್ ಹೆಸರು, ವಯಸ್ಸು ಕೇಳಿ, "ಮಂಚದ ಮೇಲೆ ಮಲಗಿ ಅಮ್ಮಾ" ಎಂದಳು. ಗಂಟಲು ನೋಡಲು ಮಲಗುವುದು ಯಾಕೆ ಎಂದು ಅನುಮಾನ ಬಂತು. ಓದಿದವರ ಎದುರು ಅದನ್ನೆಲ್ಲ ಕೇಳಲಾಗುತ್ತದೆಯೇ? ಮಲಗಿದೆ. ಬಾಯಿ ಅಗಲ ತೆರೆದು, "ಆ..." ಎಂದೆ. ಜೋರಾಗಿಯೇ ಅಂದೆ.

"ಅಯ್ಯೋ, ಬಾಯಿ ಮುಚ್ಚಿ ಅಮ್ಮಾ!" ಎಂದಳು ಅವಳು. "ಇದು ಆ ಕಂಠ ಅಲ್ಲ. ಗರ್ಭಕಂಠ. ಗರ್ಭಕೋಶಕ್ಕೂ ಒಂದು ಕೊರಳಿರುತ್ತೆ, ಅದನ್ನ ನೋಡೋ ಕೋಣೆ ಇದು."

ಆ ಬಾಗಿಲಿಗೆ ಚಿಲಕ ಇರಲಿಲ್ಲ ಪುಟ್ಟಿ. ಹೊರಗೆ ಬೆಂಚಿನ ಮೇಲೆ ಮಕ್ಕಳಿಗೆ ಸೂಜಿ ಹಾಕಿಸಲು ಬಂದ ಹೆಂಗಸರು ಕೂತಿದ್ದರು. ಒಬ್ಬಳು, "ಅದ್ಯಾವ ಬಾಯಿಂದ ಆ ಅಂದ್ಲೋ ಮಾರಾಯ್ತಿ!" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಚಪ್ಪಲಿ ಹುಡುಕತೊಡಗಿದೆ.

"ಎಲ್ಲಿಗೆ ಹೊರಟ್ರಿ?" ಎಂದಳು ಸಿಸ್ಟರ್. "ಬೆಳಿಗ್ಗೆಯಿಂದ ಬಂದೋರು ನೀವೊಬ್ರೇ. ಹಲಗೆ ಸರಿಯಾಗಿ ಓದಿದೋರೆಲ್ಲ ತಲೆ ತಗ್ಗಿಸ್ಕೊಂಡು ಆ ಕಡೆ ಹೋಗ್ಬಿಡ್ತಾರೆ. ತಪ್ಪು ಓದಿದೋರೂ ಎದ್ದು ಹೋದ್ರೆ ನಾನಿಲ್ಲಿ ನೊಣ ಹೊಡೀತಾ ಕೂತ್ಕೋಬೇಕಷ್ಟೆ."

"ನನಗೇನೂ ಆಗಿಲ್ಲಮ್ಮ, ಬರೀ ಕೆಮ್ಮು."

"ಏನೂ ಆಗದೆ ಇರುವಾಗ್ಲೇ ಇದನ್ನ ನೋಡೋದು."

ಅವಳು ಬಾಗಿಲಿಗೆ ಒಂದು ಸ್ಟೂಲು ಒತ್ತಿಟ್ಟು ಬಂದಳು. ನಾನು ಬಟ್ಟೆ ಸಡಿಲಿಸುವ ತನಕ ಗೋಡೆ ನೋಡಿಕೊಂಡು ನಿಂತಳು. ಅಳತೆಗೆ ಬಂದ ಹೆಂಗಸರಿಗೆ "ಕೈ ಎತ್ತಮ್ಮ, ನನ್ನ ಹತ್ರ ಎಂಥ ನಾಚಿಕೆ" ಎಂದು ದಿನವೂ ಗದರುವವಳು ನಾನು. ಅವತ್ತು ನನ್ನ ಮೊಣಕಾಲುಗಳೇ ನನ್ನ ಮಾತು ಕೇಳಲಿಲ್ಲ. ನೀನು ಹುಟ್ಟಿದ ಮೇಲೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ತಣ್ಣನೆಯ ಒಂದು ಉಪಕರಣ, ಮೂಗಿಗೆ ಹುಳಿ ವಾಸನೆ ಬರುವ ಒಂದು ನೀರು, ಒಂದು ದೀಪ. ನಾನು ಚಾವಣಿಯ ಕಲೆ ನೋಡುತ್ತಾ, ಸ್ಟೂಲು ಜಾರಿದರೆ ಏನು ಗತಿ ಎಂದು ಅದನ್ನೇ ಯೋಚಿಸುತ್ತಿದ್ದೆ.

"ಒಂದು ಬಿಳಿ ಮಚ್ಚೆ ಕಾಣ್ತಿದೆ" ಎಂದಳು.

"ಕ್ಯಾನ್ಸರಾ?"

"ಅಲ್ಲ. ಹಾಗೇ ಬಿಟ್ರೆ ವರ್ಷಗಳಾದ ಮೇಲೆ ಆಗಬಹುದು. ಈಗ್ಲೇ ತೆಗೆಸ್ಕೊಂಡ್ರೆ ಮುಗೀತು. ಡಾಕ್ಟರಮ್ಮ ಗುರುವಾರ ಬರ್ತಾರೆ, ನೀವೂ ಬನ್ನಿ."

ಗುರುವಾರ ಬರುವಷ್ಟರಲ್ಲಿ ನಾನು ನನ್ನ ಹೆಣ ಎತ್ತಿಸಿ, ನಿಮ್ಮಪ್ಪನಿಗೆ ಅಡಿಗೆ ಮಾಡಿಹಾಕುವವರು ಯಾರು ಎಂಬಲ್ಲಿಯ ತನಕ ಯೋಚಿಸಿ ಮುಗಿಸಿದ್ದೆ. ಹೋದೆ. ಡಾಕ್ಟರಮ್ಮ ಬಿಸಿ ಮುಟ್ಟಿಸಿ ಆ ಮಚ್ಚೆಯನ್ನು ಸುಟ್ಟರು. ಹೊಟ್ಟೆ ಹಿಂಡಿದ ಹಾಗಾಯಿತು, ಅಷ್ಟೇ. ಕೆಲವು ವಾರ ನೀರು ಹೋಗುತ್ತದೆ, ಹೆದರಬೇಡಿ, ವರ್ಷ ಕಳೆದ ಮೇಲೆ ಮತ್ತೆ ತೋರಿಸಿ ಎಂದರು. ಸಿಸ್ಟರ್ ಬೆನ್ನು ತಟ್ಟಿ, "ಕೆಮ್ಮಿದ್ದೇ ಒಳ್ಳೇದಾಯ್ತು ನೋಡಿ" ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂಗಡಿಗೆ ಹೋದ ಕೂಡಲೇ ಮಾಸ್ಟರು ಎಲ್ಲರ ಎದುರು, "ಎಲ್ಲಿಗೆ ಹೋಗಿತ್ತು ಸವಾರಿ?" ಎಂದು ಕೇಳಿದರು. ನಾನು "ಕಂಠದ ಚಿಕಿತ್ಸೆಗೆ" ಎಂದೆ. ಪದದ ಅರ್ಧ ಹೇಳಿದೆ, ಅರ್ಧ ನುಂಗಿದೆ. ನುಂಗಿದ್ದು ಒಳಗೆ ಇಳಿಯಲೇ ಇಲ್ಲ. ಚಿಕಿತ್ಸೆ ಎಂದ ಮೇಲೆ ಸ್ವರ ಇರಬಾರದಲ್ಲ? ಅವತ್ತಿನಿಂದ ಪಿಸುಮಾತು, ಇಲ್ಲವೇ ಕೈಸನ್ನೆ. ಮನೆಯಲ್ಲೂ ಅದೇ. ನಿಮ್ಮಪ್ಪನಿಗೆ ಹೇಳಲು ಎರಡು ಸಲ ಬಾಯಿ ತೆರೆದೆ, ಅವರು ಪಾಪ, "ಆಯಾಸ ಮಾಡ್ಕೋಬೇಡ" ಎಂದು ಮುಚ್ಚಿಸಿದರು.

ನಮ್ಮ ಅಂಗಡಿಯಲ್ಲಿ ಎಲ್ಲರೂ ಗುಂಡಿ ಎಂದು ಕರೆಯುವ ಒಬ್ಬಳಿದ್ದಾಳೆ, ನನ್ನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕುವವಳು. ನಿನಗಿಂತ ಸ್ವಲ್ಪ ದೊಡ್ಡವಳು. ದಿನವೂ ಫ್ಲಾಸ್ಕಿನಲ್ಲಿ ನನಗೆ ಬಿಸಿನೀರು ತರುತ್ತಾಳೆ. "ನಿನ್ನ ಪಾಲಿನ ಮಾತೂ ನಾನೇ ಆಡ್ತೀನಿ ಬಿಡಕ್ಕ" ಎನ್ನುತ್ತಾಳೆ, ಆಡುತ್ತಾಳೆ ಕೂಡ.

ಯಾಕೆ ಇಷ್ಟು ಮುಚ್ಚಿಟ್ಟೆ ಎಂದು ನೀನು ಕೇಳುತ್ತೀಯ. ಆ ಭಾಗದ ಕಾಯಿಲೆ ಎಂದರೆ ಜನ ಏನೆನ್ನುತ್ತಾರೆ ಗೊತ್ತಲ್ಲ, ಎಲ್ಲೆಲ್ಲಿ ತಿರುಗಿದ್ದಳೋ ಎನ್ನುತ್ತಾರೆ. ಗಂಡನ ಜೊತೆ ಸಂಸಾರ ಮಾಡಿದ ಯಾರಿಗೆ ಬೇಕಾದರೂ ಬರಬಹುದು, ನಾಚಿಕೆಪಡುವಂಥದ್ದಲ್ಲ ಎಂದು ಸಿಸ್ಟರ್ ಹೇಳಿದ್ದಳು. ಅವಳ ಎದುರು ತಲೆ ಆಡಿಸಿದೆ. ಹೊರಗೆ ಬಂದ ಮೇಲೆ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ನಡೆದೆ.

ನಿನಗೂ ಮೂವತ್ತು ದಾಟಿತು. ನೀನಿರುವ ಕಡೆಯೂ ಇಂಥ ಕೋಣೆ ಇರುತ್ತದೆ. ಹೋಗಿ ತೋರಿಸಿಕೊಂಡು ಬಾ. ಹಲಗೆಯನ್ನು ಪೂರ್ತಿ ಓದು, ಪೂರ್ತಿ ಓದಿದ ಮೇಲೂ ಒಳಗೆ ಹೋಗು.

ಮಗುವಿನ ಕಿವಿಗೆ ಗಾಳಿ ಹೋಗದ ಹಾಗೆ ಟೋಪಿ ಹಾಕು. ನಿನ್ನ ಮೈ ಗಟ್ಟಿಯಾಗಿರಲಿ. ನಿನ್ನ ಬಾಯಿ ನನ್ನ ಬಾಯಿಗಿಂತ ಗಟ್ಟಿಯಾಗಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಮರೆತುಹೋಗಿ ಕೆಳಗೆ ಬರೆಯುತ್ತಿಲ್ಲ. ಬರೆಯುವುದೇ ಬೇಡವೆಂದು ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಸೋಮವಾರ ಎಲ್ಲರೂ ಊಟಕ್ಕೆ ಎದ್ದ ಮೇಲೆ ಗುಂಡಿ ನನ್ನ ಕಡೆ ಬಾಗಿದಳು. "ಅಕ್ಕಾ, ನೀನು ಆ ಆಸ್ಪತ್ರೆಗೆ ಹೋದೋಳಲ್ಲ, ಅಲ್ಲಿ ಹೆಂಗಸರನ್ನ ನೋಡೋ ಕೋಣೆ ಇದೆಯಂತೆ, ಹೌದಾ? ನನಗೆ ತಿಂಗಳ ಮಧ್ಯೆ ಮಧ್ಯೆ ರಕ್ತ ಹೋಗ್ತಿದೆ. ಯಾರಿಗೂ ಹೇಳಿಲ್ಲ. ಅಲ್ಲಿ ನೋಯುತ್ತಾ? ಬೇರೆಯೋರು ನೋಡ್ತಾರಾ?" ಎಂದಳು. ಪಿಸುಮಾತಿನಲ್ಲಾದರೂ ಹೇಳಬಹುದಿತ್ತು. ನಾನು ಗಂಟಲು ಮುಟ್ಟಿ ತೋರಿಸಿ, ಗೊತ್ತಿಲ್ಲ ಎಂದು ತಲೆ ಆಡಿಸಿದೆ. "ಅಯ್ಯೋ, ನಿನ್ನ ಮಾತಾಡಿಸ್ಬಾರ್ದಿತ್ತು, ಸುಮ್ನಿರು" ಎಂದು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟಳು. ಅದನ್ನು ಕುಡಿದೆ ಪುಟ್ಟಿ.

ಈಗ ಅಂಗಡಿಗೆ ಹೊರಡುವ ಹೊತ್ತು. ಇದನ್ನು ಡಬ್ಬಿಗೆ ಹಾಕಿ ಅವಳ ಹತ್ತಿರ ಹೋಗುತ್ತೇನೆ. ನಾಳೆ ಗುರುವಾರ, ಜೊತೆಗೆ ನಾನೂ ಬರುತ್ತೇನೆ, ಸ್ಟೂಲು ಜಾರದ ಹಾಗೆ ಬಾಗಿಲಿಗೆ ಒರಗಿ ನಿಲ್ಲುತ್ತೇನೆ ಎನ್ನಬೇಕು. ಹೇಳುವುದೇನೋ ಇಷ್ಟೇ. ಆದರೆ ಬಾಯಿ ತೆರೆದ ಕೂಡಲೇ ನನ್ನ ಸ್ವರ ಸರಿಯಿದೆ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ.