ಹೆಂಗಸರ ಅಳತೆಯ ವಿಮಾನ

ವರ್ತೂರು
17 ನವೆಂಬರ್ 2025, ಸೋಮವಾರ

ಪ್ರೀತಿಯ ಹೇಮಾ,

ಜೈ ಭೀಮ್.

ಮೊದಲು ಕೊಟ್ಟ ಮಾತು, ಜೊತೆಗೇ ತಪ್ಪಿದ ಮಾತು. ಸಂಘದ ಸಭೆ ಹೀಗೆ ಶುರುವಾಗಬೇಕು ಅಂತ ಕಲಿಸಿದವಳು ನೀನೇ.

ಎದುರಿನ ಅಪಾರ್ಟ್‌ಮೆಂಟಿನವರು ಕ್ಲಬ್‌ಹೌಸಿನ ನಡುಮಧ್ಯದ ಮೇಜು ಕೊಡುತ್ತೇವೆ ಅಂದರು. ಕೊಡಲಿಲ್ಲ. ಫಲಕ ಕನ್ನಡದಲ್ಲಿ ಇರುತ್ತದೆ ಅಂದರು. ಇರಲಿಲ್ಲ. ಮಾರಕ್ಕಜ್ಜಿಯ ಕೈಯಿಂದಲೇ ಕೆರೆ ಹಬ್ಬದ ಟೇಪು ಕತ್ತರಿಸುತ್ತೇವೆ, ಕಾರು ಕಳಿಸುತ್ತೇವೆ ಅಂದರು. ಕಾರೂ ಬರಲಿಲ್ಲ, ಕತ್ತರಿಯೂ ಬರಲಿಲ್ಲ. ವಿಮಾನದ ಪಕ್ಕದಲ್ಲಿ ಅದನ್ನು ಎಳೆದ ಹೆಂಗಸರೂ ನಿಲ್ಲಲಿ ಅಂದರು. ಆಮೇಲೆ ಬೇಡ ಅಂದರು. ಇನ್ನು ನಾನು, ದೀಪಾವಳಿಗೆ ಮುಂಚೆ ಕಾಗದ ಹಾಕುತ್ತೇನೆ ಅಂದಿದ್ದೆ, ಹಾಕಲಿಲ್ಲ. ತಪ್ಪಿತಸ್ಥರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸು. ಆದರೆ ಪೂರ್ತಿ ಓದಿ ಆಮೇಲೆ ಬೈ. ಇದು ದೂರಿನ ಕಾಗದವಲ್ಲ. ನಿನ್ನೆ ಭಾನುವಾರ ನಾವು ಗೆದ್ದೆವು. ಕುಣಿದು ಕುಣಿದು ನನ್ನ ಮಂಡಿ ಇನ್ನೂ ನೋಯುತ್ತಿದೆ.

ನಿನ್ನ ಕೀಲುನೋವು ಹೇಗಿದೆ? ಚಿಕನ್‌ಗುನ್ಯಾ ಬಂದು ಹೋದರೂ ನೋವು ತಿಂಗಳುಗಟ್ಟಲೆ ಕಾಡುತ್ತದೆ ಅಂತಾರೆ. ದಾವಣಗೆರೆಯ ಚಳಿಗೆ ಹುಷಾರು. ನೀನು ಇರಬೇಕಿತ್ತು ಕಣೇ, ನಿನ್ನೆ.

ಮೊದಲಿಂದ ಹೇಳುತ್ತೇನೆ. ನಮ್ಮ ಕೇರಿಯ ಮಾರಕ್ಕಜ್ಜಿಯನ್ನು ನೀನು ಮರೆತಿರಲಾರೆ. ಜಾಥಾ ಬಂದಾಗ ನಿನ್ನನ್ನು ಕೂರಿಸಿಕೊಂಡು, ರೊಟ್ಟಿ ತಿನ್ನೋ ಊರಿನವಳು ಅಂತ ಹಂಗಿಸಿ, ಮುದ್ದೆ ನುಂಗುವುದನ್ನು ಕಲಿಸಿದವಳು. ಈಗ ತೊಂಬತ್ತು ದಾಟಿದೆ. ಕಣ್ಣು ಹೆಚ್ಚುಕಡಿಮೆ ಹೋಗಿದೆ, ಬೆಳಕು ಕತ್ತಲೆ ತಿಳಿಯುತ್ತದೆ ಅಷ್ಟೇ. ಅವಳದೊಂದು ಹಳೆಯ ಕಥೆ. ಜಪಾನಿನವರ ಯುದ್ಧದ ಕಾಲದಲ್ಲಿ ದೋಣಿಯಂಥ ಹೊಟ್ಟೆಯ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು, ಸುತ್ತಲ ಹಳ್ಳಿಯ ಹೆಂಗಸರು ಹಗ್ಗ ಹಾಕಿ ದಡಕ್ಕೆ ಎಳೆಯುತ್ತಿದ್ದರು ಅಂತ. ಚಿಕ್ಕವರಿದ್ದಾಗ ನಾವು ಅದನ್ನು ಕೇಳಿ ನಕ್ಕವರೇ.

ಎದುರಿನ ಅಪಾರ್ಟ್‌ಮೆಂಟಿನಲ್ಲಿ ಸಂಗಮೇಶ್ ಅಂತ ಒಬ್ಬರಿದ್ದಾರೆ, ರಾಣೆಬೆನ್ನೂರಿನ ಕಡೆಯವರು, ಕಂಪನಿ ಕೆಲಸ. ಮನೆಯ ಒಂದು ಕೋಣೆ ತುಂಬ ಪ್ಲಾಸ್ಟಿಕ್ಕಿನ ಯುದ್ಧವಿಮಾನಗಳು. ಒಂದೊಂದು ಚೂರನ್ನೂ ಅಂಟಿಸಿ, ಉಜ್ಜಿ, ಬಣ್ಣ ಬಳಿದು ತಾವೇ ಮಾಡಿದವು. ಜನ ಸಾಯಿಸುವ ಸಾಮಾನನ್ನು ಗೊಂಬೆ ಮಾಡಿಕೊಂಡು ಆಡುತ್ತೀರಲ್ಲ ಅಂತ ಮೊದಲ ದಿನವೇ ಮುಖಕ್ಕೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅಜ್ಜಿಯ ಕಥೆ ಕೇಳಿದವರೇ ಪುಸ್ತಕ ಹೊತ್ತು ಬಂದರು. ಆ ವಿಮಾನದ ಹೆಸರು ಕ್ಯಾಟಲಿನಾ, ಇಲ್ಲಿನ ವಿಮಾನ ಕಾರ್ಖಾನೆಯಲ್ಲೇ ಆಗ ಅವುಗಳ ದುರಸ್ತಿ ನಡೆಯುತ್ತಿತ್ತು, ಕೆರೆಗೆ ಇಳಿಯುತ್ತಿದ್ದದ್ದು ನಿಜ ಅಂದರು. ಹಗ್ಗ ಎಳೆದ ಹೆಂಗಸರು ಅವರ ಪುಸ್ತಕದಲ್ಲಿ ಇರಲಿಲ್ಲ. ಇರುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ. ಪುಸ್ತಕದಲ್ಲಿಲ್ಲದವರನ್ನು ಮೇಜಿನ ಮೇಲಾದರೂ ನಿಲ್ಲಿಸೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. ಅಪಾರ್ಟ್‌ಮೆಂಟಿನವರು ಕೆರೆ ಹಬ್ಬ ಮಾಡುತ್ತಾರೆ, ಅಲ್ಲಿಗೆ ವಿಮಾನ ಸಂಗಮೇಶರದು, ಹೆಂಗಸರು ನಮ್ಮವರು.

ಅವರು ಡಬ್ಬಿಯಲ್ಲಿ ಬರುವ ಕ್ಯಾಟಲಿನಾ ತರಿಸಿ ಜೋಡಿಸಿದರು. ನಿಜವಾದದ್ದರ ಎಪ್ಪತ್ತೆರಡನೇ ಒಂದು ಪಾಲು, ರೆಕ್ಕೆ ಒಂದು ಮೊಳ. ಆ ಲೆಕ್ಕಕ್ಕೆ ಒಬ್ಬ ಹೆಂಗಸು ಅಂಗುಲಕ್ಕೂ ಕಡಿಮೆ. ಮೋಟಾರ್ ವೈಂಡಿಂಗ್‌ನಲ್ಲಿ ಸವೆದ ಕೈ ನನ್ನದು, ತಾಮ್ರದ ತಂತಿ ಹೊಸೆದು, ಮೇಲೆ ಎಂ-ಸೀಲ್ ಮೆತ್ತಿ ಒಬ್ಬಳನ್ನು ಮಾಡಿ ಮಾರಕ್ಕಜ್ಜಿಯ ಅಂಗೈಯಲ್ಲಿಟ್ಟೆ. ಹೊರಳಿಸಿ ನೋಡಿ, "ಇದೇನವ್ವ, ಉಣಿಸೆ ಬೀಜನಾ?" ಅಂದಳು.

ಅವಳ ಬೆರಳಿಗೆ ಮುಖ ಸಿಗಬೇಕಿತ್ತು. ಇನ್ನೊಂದು ಚೂರು ದೊಡ್ಡದು ಮಾಡಿದೆವು, ಮೂಗು ಸಿಗಲಿಲ್ಲ. ಮತ್ತಷ್ಟು ಮಾಡಿದೆವು. ನನ್ನ ನಡುಬೆರಳಿನಷ್ಟು ಆದಾಗ ಅವಳು ಮೂಗು ಸವರಿ, ಗದ್ದ ಸವರಿ, ಇವಳು ಕೃಷ್ಣಮ್ಮ, ಹಲ್ಲುಬ್ಬಿ, ಇವಳ ಬಾಯಿಗೆ ಊರೇ ಹೆದರುತ್ತಿತ್ತು ಅಂದಳು. ಅಲ್ಲಿಗೆ ಅಳತೆ ನಿಂತಿತು. ಹಲ್ಲುಬ್ಬಿ, ಎಡಗೈಯವಳು, ಬಸುರಿ, ಒಬ್ಬೊಬ್ಬಳನ್ನೂ ಅವಳು ಹೇಳಿದಂತೆ ಮಾಡಿದೆವು. ನೀನೆಲ್ಲಿ ನಿಂತಿದ್ದೆ ಅಂತ ಕೇಳಿದರೆ ಮಾತ್ರ, ನಂದು ಕಡೇಗೆ ನೋಡಾನ ಅನ್ನುತ್ತಿದ್ದಳು. ನಾನೇ ಅವಳ ಗೊಂಬೆ ಮಾಡಿ, ಹಗ್ಗದ ಎಲ್ಲಕ್ಕಿಂತ ಮುಂದೆ ನಿಲ್ಲಿಸಿದೆ. ನಾಯಕಿ ಮುಂದೆಯೇ ಇರಬೇಕಲ್ಲ.

ಈಗ ಕ್ಲಬ್‌ಹೌಸಿನ ಕಥೆ ಕೇಳು. ಡಬ್ಬಿಯ ವಿಮಾನ, ನಮ್ಮ ಹೆಂಗಸರು ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟಾಗ ಅಸೋಸಿಯೇಷನ್ ಕಾರ್ಯದರ್ಶಿ ಕೆನ್ನೆ ಕೆರೆದುಕೊಂಡರು. ನಿಜ ಹೇಳಬೇಕೆಂದರೆ ನಮ್ಮ ಹೆಂಗಸರು ಆ ವಿಮಾನವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವ ಹಾಗಿದ್ದರು. "ಮೇಡಂ, ತಪ್ಪು ತಿಳ್ಕೋಬೇಡಿ. ಲೇಡೀಸ್‌ನ ಸ್ವಲ್ಪ ಚಿಕ್ಕದು ಮಾಡ್ಕೊಂಡ್ ಬನ್ನಿ. ಆಗಲ್ಲ ಅಂದ್ರೆ ತೆಗೆದ್ಬಿಡಿ, ಪ್ಲೇನ್ ಒಂದೇ ಸಾಕು."

"ಚಿಕ್ಕದು ಮಾಡಿಸ್ಕೊಂಡಿದ್ದು ಸಾಕಾಗಿದೆ ಸಾರ್" ಅಂದೆ.

ಸಂಗಮೇಶ್ ನಮ್ಮ ಪರ ನಿಲ್ಲುತ್ತಾರೆ ಅಂತ ತಿರುಗಿ ನೋಡಿದರೆ, ಆ ಮನುಷ್ಯ ನೆಲ ನೋಡುತ್ತ, ಅಳತಿ ತಪ್ಪೇತಿ ಅನ್ನೂದು ಖರೇನ ಐತ್ರಿ ಅಕ್ಕಾರ ಅಂದರು. ನನಗೆ ಉರಿದುಹೋಯಿತು. ಹೆಂಗಸರನ್ನೆಲ್ಲ ಸೆರಗಿಗೆ ತುಂಬಿಕೊಂಡು ಗೇಟಿಗೆ ಬಂದೆ. ಇವರು ಎಷ್ಟಾದರೂ ಏಳನೇ ಮಹಡಿಯವರು ಅಂತ ಮನಸ್ಸಿನಲ್ಲೇ ಒಂದು ಕರಪತ್ರ ಬರೆದು ಮುಗಿಸಿದ್ದೆ. ಹಿಂದಿನಿಂದ ಓಡಿ ಬಂದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಹೆಣ್ಮಕ್ಕಳ ಅಳತಿ ಬದಲ ಮಾಡೂದು ಬ್ಯಾಡ ಅಂದ್ರ, ವಿಮಾನದ್ದ ಮಾಡಬೇಕಾಕ್ಕೇತಿ. ಇವರಿಗೆ ತಕ್ಕ ವಿಮಾನ ಕಟ್ಟೂಣು ಬರ್ರಿ."

ಹೇಮಾ, ಇಷ್ಟು ವರ್ಷದ ಚಳವಳಿಯಲ್ಲಿ ಇಂಥ ನಿರ್ಣಯವನ್ನು ನಾವು ಯಾವ ಸಭೆಯಲ್ಲಾದರೂ ಪಾಸು ಮಾಡಿದ್ದೇವಾ?

ಅಲ್ಲಿಂದ ಸಂಘದ ಕೋಣೆ ಕಾರ್ಖಾನೆಯಾಯಿತು. ಹೂಡಿಯಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟಿರುವ ಬಾಲಾಜಿ ಸನ್‌ಬೋರ್ಡಿನ ಹಾಳೆ, ಥರ್ಮಾಕೋಲು ಹೊತ್ತು ತಂದ. ಸಂಗಮೇಶ್ ಲೆಕ್ಕ ಹಾಕಿ, ರೆಕ್ಕೆ ಬಾಲಾಜಿಯಷ್ಟು ಉದ್ದ ಬರುತ್ತದೆ ಅಂದರು. ಬಾಲಾಜಿಯನ್ನೇ ನೆಲದ ಮೇಲೆ ಮಲಗಿಸಿ ಗೆರೆ ಎಳೆದೆವು. ಮಲಗಿದಲ್ಲಿಂದಲೇ ಅವನು, ಅಕ್ಕ, ಇದು ವಿಮಾನ ಅಲ್ಲ, ಮಂಚ ಅಂದ. ಅಷ್ಟು ದೊಡ್ಡದಕ್ಕೆ ಡಬ್ಬಿಯ ಸಾಮಾನು ಯಾವುದೂ ಸಿಗುವುದಿಲ್ಲ, ಎಲ್ಲ ಕೈಯಲ್ಲೇ ಆಗಬೇಕು. ಥರ್ಮಾಕೋಲ್ ಕೆತ್ತಿ ದೋಣಿಹೊಟ್ಟೆ ಮಾಡಿದ್ದಾಯಿತು. ಮೇಲೆ ಎ.ಸಿ. ಪೈಪಿಗೆ ಸುತ್ತುವ ಅಲ್ಯೂಮಿನಿಯಂ ಟೇಪು ಅಂಟಿಸಿ, ಚಮಚದ ಬೆನ್ನಿನಿಂದ ತೀಡಿದ್ದಾಯಿತು. ರಿವೆಟ್ ಎಲ್ಲಿ ಅಂತ ಸಂಗಮೇಶ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ವಿಮಾನದ ತಗಡನ್ನು ಹಿಡಿದಿಡುವ ಮೊಳೆಯ ತಲೆಗಳು ಅವು, ಸಾವಿರಾರು. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಹುಡುಗಿಯರು ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರ ತಂದು ಟೇಪಿನ ಮೇಲೆ ಉರುಳಿಸಿದರು. ಸಾಲುಸಾಲಾಗಿ ಚುಕ್ಕಿ ಎದ್ದವು. ಖುಷಿ ಹೆಚ್ಚಾಗಿ ರೆಕ್ಕೆಯ ಮೇಲೆ ತಮ್ಮ ಹೆಸರನ್ನೂ ಚುಕ್ಕಿಯಲ್ಲಿ ಬರೆಯಹೊರಟರು. ಸಂಗಮೇಶರಿಗೆ ಎದೆ ಹಿಡಿದುಕೊಂಡಂತಾಯಿತು. ಚೌಕಾಸಿ ನಡೆದು, ರೆಕ್ಕೆಯ ಅಡಿಭಾಗಕ್ಕೆ ಒಪ್ಪಿದರು.

ಮಾರಕ್ಕಜ್ಜಿ ದಿನವೂ ಬಂದು ಕುರ್ಚಿ ಹಾಕಿಸಿಕೊಂಡು ಜಗಳಕ್ಕೆ ಕೂರುತ್ತಿದ್ದಳು. ಅದಕ್ಕೆ ಕಪ್ಪೆ ಕಣ್ಣಿತ್ತು ಅನ್ನುತ್ತಿದ್ದಳು. ಪುಸ್ತಕದಲ್ಲಿ ನೋಡಿದರೆ ಪಕ್ಕೆಯ ಎರಡೂ ಕಡೆ ಉಬ್ಬಿದ ಗಾಜಿನ ಕಿಟಕಿಗಳಿದ್ದವು, ಬೇಕರಿಯ ಕೇಕಿನ ಡಬ್ಬಿ ಬಿಸಿ ಮಾಡಿ ಉಬ್ಬಿಸಿದೆವು. ಮೈಯೆಲ್ಲ ಕುಂಕುಮದ ಕೆಂಪು ಅಂದಳು. ಅದು ಮಾತ್ರ ಸುಳ್ಳು, ಹೊಟ್ಟೆ ಬಿಳಿ, ಬೆನ್ನು ಬೂದು ಅಂತ ಸಂಗಮೇಶ್ ಜಗ್ಗಲಿಲ್ಲ. ಬಳಿದ ಮೇಲೆ ಅವಳು ಕೆಂಪಾ ಅಂತ ಕೇಳಿದಳು. ಕಣ್ಣು ಕಾಣದ ಮುದುಕಿಗೆ ಹೌದು ಅಂದುಬಿಡಬಹುದಿತ್ತು. ಅಲ್ಲಬೇ ಅಂದರು ಆ ಮನುಷ್ಯ. ಅವತ್ತಿಂದ ಅವರ ಮೇಲೆ ನನಗೆ ಗೌರವ.

ಅಷ್ಟು ಚಂದ ಮಾಡಿದ್ದನ್ನು ಅವರೇ ಆಮೇಲೆ ಕೊಳಕು ಮಾಡತೊಡಗಿದರು. ಎಂಜಿನ್ನಿನ ಹಿಂದೆ ಹೊಗೆಯ ಮಸಿ, ಕಾಲಿಡುವ ಕಡೆ ಕಿತ್ತ ಬಣ್ಣ, ಹೊಟ್ಟೆಗೆ ಕೆರೆಯ ಕೆಸರನ್ನೇ ಬಟ್ಟೆಯಲ್ಲಿ ಅದ್ದಿ ಒರೆಸಿದರು. ಯಾಕೆ ಅಂದರೆ, ದುಡಿದ ವಿಮಾನ ಫಳಫಳ ಹೊಳಿಯಂಗಿಲ್ಲ್ರಿ ಅಂದರು. ನೀವೂ ನಮ್ಮ ಸಂಘದ ಸದಸ್ಯತ್ವದ ರಸೀದಿ ಹರಿಸಿಕೊಳ್ಳಿ ಅಂದೆ.

ಹಬ್ಬದ ಹಿಂದಿನ ದಿನ ಕಾರ್ಯದರ್ಶಿಯ ಫೋನು. ಮೇಜಿಗೆ ಹಿಡಿಸುವುದಿಲ್ಲ, ಲಿಫ್ಟಿಗೆ ಹಿಡಿಸುವುದಿಲ್ಲ, ಮುಂದಿನ ವರ್ಷ ನೋಡೋಣ. ಕೊಟ್ಟ ಮಾತು ತಪ್ಪುವಾಗಲೂ ಇವರದು ಎಂಥ ಮೆತ್ತಗಿನ ದನಿ ಅಂತೀಯ. ನಾವು ಸೊಪ್ಪಿನ ಕಮಲಮ್ಮನ ತಳ್ಳುಗಾಡಿ ತೊಳೆದು, ಅದರ ಮೇಲೆ ವಿಮಾನ ಕಟ್ಟಿ, ಮುಂದೆ ಹಲಗೆಯ ಮೇಲೆ ಹೆಂಗಸರ ಕೈಗಳನ್ನು ತಂತಿಯಿಂದ ಹಗ್ಗಕ್ಕೆ ಸುತ್ತಿ ನಿಲ್ಲಿಸಿ, ತಮಟೆ ಬಡಿದುಕೊಂಡು ಕೆರೆ ಏರಿಗೆ ಹೊರಟೆವು. ಎಲ್ಲಿ ಕೊಡಲಿಲ್ಲವೋ ಅಲ್ಲಿ ಬೇಡಲಿಲ್ಲ. ಕ್ಲಬ್‌ಹೌಸಿನಲ್ಲಿ ಭಾಷಣ ಕೇಳುತ್ತಿದ್ದವರು ತಮಟೆ ಸದ್ದಿಗೆ ಎದ್ದು ಬಂದರು. ಒಬ್ಬರು, ಇಬ್ಬರು, ಆಮೇಲೆ ಇಡೀ ಸಭೆ. ಕಡೆಗೆ ಭಾಷಣ ಮಾಡುತ್ತಿದ್ದವರೂ ಬಂದರು. ಬಾಲಾಜಿ ಎಂಜಿನ್ನಿನ ಪಂಖ ತಿರುಗಿಸಿ ತೋರಿಸಿದ. ಕೃಷ್ಣಮ್ಮನ ಮೊಮ್ಮಗನ ಹೆಂಡತಿ ಗೊಂಬೆಯ ಉಬ್ಬುಹಲ್ಲು ನೋಡಿ, ನಮ್ಮ ಮನೆಯೋರದೇ ಮೂತಿ ಅಂತ ಬಿದ್ದು ಬಿದ್ದು ನಕ್ಕಳು. ಕಾರ್ಯದರ್ಶಿಯೂ ಬಂದು ಸೆಲ್ಫಿ ತೆಗೆದುಕೊಂಡರು, ಪಾಪ. ಒಳಗೆ ತರಬಹುದಾ ಅಂತ ಕೇಳಿದರು. ಮೇಜು ಚಿಕ್ಕದು ಸಾರ್ ಅಂದೆ.

ಎಲ್ಲ ಮುಗಿದ ಮೇಲೆ ಮಾರಕ್ಕಜ್ಜಿಯನ್ನು ಗಾಡಿಯ ಪಕ್ಕ ಕೂರಿಸಿದೆವು. ಬಣ್ಣ ಒಣಗಲಿ, ಮುರಿದೀತು ಅಂತ ಅಲ್ಲಿಯವರೆಗೂ ಸಂಗಮೇಶ್ ಅವಳ ಕೈಗೆ ಕೊಟ್ಟಿರಲಿಲ್ಲ. ಅವಳು ಮೂತಿಯಿಂದ ಬಾಲದವರೆಗೆ ಸವರಿದಳು, ಹೊಟ್ಟೆಯ ಅಡಿಗೆ ಕೈ ಹಾಕಿ ಸವರಿದಳು, ಮತ್ತೆ ಮೂತಿಗೆ ಬಂದಳು. ನಾವು ಸುತ್ತ ನಿಂತು ಹಾಡುತ್ತಿದ್ದೆವು. ಅವಳ ಮುಖ ನೀನು ನೋಡಬೇಕಿತ್ತು ಹೇಮಾ, ಹೊಸ ಕೂಸನ್ನು ನೀರು ಹಾಕಲು ಕಾಲ ಮೇಲೆ ಮಲಗಿಸಿಕೊಂಡವಳ ಹಾಗೆ.

ಇಷ್ಟು ಸುದ್ದಿ. ನಿನ್ನ ಕೀಲುಗಳು ಸಡಿಲಾಗಲಿ, ನಾಲಿಗೆ ಮಾತ್ರ ಹಾಗೇ ಚುರುಕಾಗಿರಲಿ. ನಿನ್ನ ಶಾಲೆಯ ಹೆಣ್ಣುಮಕ್ಕಳು ಯಾರ ಅಳತೆಗೂ ಕುಗ್ಗದೆ ಬೆಳೆಯಲಿ.

ನಿನ್ನ
ಶಾಂತಿ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಕಡೆಗೆ ಇಟ್ಟುಕೊಂಡದ್ದು:

ನಿನ್ನೆ ಅವಳನ್ನು ಮನೆಗೆ ಕರೆದೊಯ್ಯುವಾಗ, ಹೇಗಿತ್ತಜ್ಜಿ, ಅವತ್ತಿನ ಥರವೇ ಇತ್ತಾ ಅಂತ ಕೇಳಿದೆ. "ಯಾರಿಗ್ ಗೊತ್ತವ್ವ. ಅವತ್ತು ನಾನು ಮುಟ್ಟಿದ್ರಲ್ವಾ" ಅಂದಳು.

ಬಿಡಿಸಿ ಕೇಳಿದರೆ, ಅವಳೂ ಅವಳ ತಾಯಿಯೂ ಎಂದೂ ಹಗ್ಗ ಹಿಡಿದೇ ಇರಲಿಲ್ಲ. ಎಲ್ಲರಿಗೂ ಹಗ್ಗ ಒಂದೇ. ನಮ್ಮ ಕೇರಿಯ ಕೈ ತಾಗಿದರೆ ಊರೊಳಗಿನ ಕೃಷ್ಣಮ್ಮ, ಎಡಗೈಯವಳು, ಬಸುರಿ, ಎಲ್ಲರೂ ಹಗ್ಗ ಬಿಟ್ಟು ದಡಕ್ಕೆ ಹೋಗಿಬಿಡುತ್ತಿದ್ದರು. ಇವರಿಬ್ಬರ ಕೆಲಸ ಮುಂದೆ ಎದೆಮಟ್ಟ ಕೆಸರಿನಲ್ಲಿ ಜೊಂಡು ಕುಯ್ದು ದಾರಿ ಮಾಡುವುದು. ವಿಮಾನ ಹತ್ತಿರ ಬಂದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲುವುದು. ಮುಟ್ಟದ ಆ ಹೆಂಗಸರ ಮೂಗು ಗದ್ದವನ್ನೆಲ್ಲ ಇವಳು ದೂರದಿಂದ ನೋಡಿಯೇ ಕಲಿತಿದ್ದಳು. ನಾನು ಅದೇ ಕೇರಿಯಲ್ಲಿ ಹುಟ್ಟಿದವಳು, ನನಗೇ ಹೊಳೆಯಲಿಲ್ಲ.

ಸಂಗಮೇಶರಿಗೆ ಹೇಳಿದೆ. ಹಂಗಾರ ನಾವು ಮಾಡಿದ್ದು ಸುಳ್ಳಾತಲ್ರಿ, ಅಜ್ಜಿಯನ್ನ ಜೊಂಡಿನ ಕಡೆ ನಿಲ್ಲಸಬೇಕು ಅಂದರು. ಸತ್ಯ ಅದೇ. ಇವತ್ತು ಬೆಳಿಗ್ಗೆ ಹೋಗಿ ಕೇಳಿದೆ, ನಿನ್ನನ್ನು ಹಗ್ಗದಿಂದ ಬಿಡಿಸಿ ಕೆಸರಿಗೆ ಇಳಿಸಲಾ ಅಂತ. ಅವಳು ನಕ್ಕಳು.

"ಬಿಡುಸ್ಬ್ಯಾಡ ಕಣವ್ವ. ಈಗ ನಾನು ಇಡ್ಕೊಂಡ್ರೆ ಅವ್ರು ಬಿಟ್ಟೋಗಕ್ಕಾಯ್ತದಾ? ಎಲ್ರ ಕೈಗೂ ತಂತಿ ಸುತ್ತಿದೀಯಲ್ಲ."

ನನಗೆ ನಗು ಬರಲಿಲ್ಲ. ಅವಳ ಮಾತೇ ನಿಲ್ಲಬೇಕೋ, ನಡೆದದ್ದು ನಡೆದ ಹಾಗೆ ಕಾಣಬೇಕೋ, ಸಂಘ ಕೂತು ಹೇಳಲಿ. ನಾನು ಅವಳ ಪರ ಕೈ ಎತ್ತುತ್ತೇನೆ. ಅಧ್ಯಕ್ಷತೆ ಮಾರಕ್ಕಜ್ಜಿಯದು. ನಿನ್ನ ಮತವೂ ಬೇಕು, ಕುಂಟಿಕೊಂಡಾದರೂ ಬಾ. ಸಂಘದ ಕೋಣೆ, ನವೆಂಬರ್ ಇಪ್ಪತ್ತಮೂರು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.