ಚಿಗವ್ವ ಹಚ್ಚಿಕೊಳ್ಳದ ಹೂವಿನೆಣ್ಣೆ

ನನ್ನ ಚಿಗವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ನಾನೇ ತಿಕೋಟಾದ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಗೆ ನಿಂತವಳು, ನನ್ನ ಅಕ್ಷರವೂ ಅಷ್ಟಕ್ಕಷ್ಟೇ. ನೀನಿರುವಲ್ಲಿ ಓದು ಬಲ್ಲವರು ಯಾರಾದರೂ ಸಿಕ್ಕರೆ ಅವರ ಹತ್ತಿರ ಓದಿಸಿಕೋ. ಗಟ್ಟಿಯಾಗಿ ಓದಲು ಹೇಳು, ನಾಲ್ಕು ಮಂದಿ ಕೇಳಲಿ.

ಬಬಲೇಶ್ವರದ ಅಜ್ಜಿಯ ಮನೆಯ ಒಳಕೋಣೆ ಇವತ್ತು ಬಹಳ ನೆನಪಾಯಿತು. ನೀನು ಬಿಳಿ ಎಳ್ಳನ್ನು ತೆಳ್ಳಗೆ ಹರಡುತ್ತಿದ್ದೆ, ಅದರ ಮೇಲೆ ಹೂವು, ಮತ್ತೆ ಎಳ್ಳು, ಮತ್ತೆ ಹೂವು. ಮರುದಿನ ಬಾಡಿದ್ದನ್ನು ಆರಿಸಿ ತೆಗೆದು ಹೊಸ ಹೂವು ಹಾಕುತ್ತಿದ್ದೆ. ಎಳ್ಳಿಗೆ ವಾಸನೆ ಪೂರಾ ಹಿಡಿದ ಮೇಲೆ ಗಾಣಕ್ಕೆ ಕಳಿಸುತ್ತಿದ್ದೆ. ನಮ್ಮ ಮನೆಯ ಮದುವಣಗಿತ್ತಿಯರಿಗೆ ಆ ಎಣ್ಣೆಯೇ ಅತ್ತರು. ಆದರೆ ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನೀನು ಹೂವು ಮುಡಿಯುವಂತಿರಲಿಲ್ಲ, ಮೈಮೇಲೆ ಹೂವಿನ ವಾಸನೆಯೂ ಇರುವಂತಿರಲಿಲ್ಲ. ಅದಕ್ಕೇ ಕೆಲಸ ಮುಗಿದ ಕೂಡಲೇ ಹಿತ್ತಲಿಗೆ ಹೋಗಿ ಬೂದಿಯಿಂದ ಕೈ ತಿಕ್ಕಿಕೊಳ್ಳುತ್ತಿದ್ದೆ. ಅಂಗೈ ಕೆಂಪಾದರೂ ಬಿಡುತ್ತಿರಲಿಲ್ಲ.

ನನ್ನ ಮದುವೆ ಗೊತ್ತಾದಾಗ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಏನೆಂದಿದ್ದೆ, ನೆನಪಿದೆಯೇ? "ಇದು ಸಿಟ್ಟಿನ ತಲಿ. ಬರೇ ಮಲ್ಲಿಗಿ ತಡಿಯಂಗಿಲ್ಲ, ಒಂದ ಹಿಡಿ ಮರುಗ ಕೂಡಸ್ತೀನಿ." ಪಕ್ಕದಲ್ಲಿ ಕುಂತು ಚೇಷ್ಟೆ ಮಾಡುತ್ತಿದ್ದ ನನ್ನ ತಂಗಿ ಗಂಗವ್ವನ ಗಲ್ಲ ಹಿಂಡಿ, "ಇಕಿಗೆ ಕ್ಯಾದಗಿನ ಆಗಬೇಕ ನೋಡ. ಮುಳ್ಳೂ ಐತಿ, ಓಣಿ ತುಂಬ ವಾಸನೀನೂ ಐತಿ" ಅಂದೆ. ಯಾರ ಗುಣಕ್ಕೆ ಯಾವ ಹೂವು ಅಂತ ಅಷ್ಟು ತಿಳಿದವಳು, "ನಿನಗ ಯಾವದ ಬೇ?" ಎಂದು ನಾನು ಕೇಳಿದರೆ ಮಾತು ಹಾರಿಸಿದೆ. "ನನಗ್ಯಾಕ ಹೂವಿನ ಮಾತು, ಏಳ, ಎಳ್ಳ ಕೇರ" ಅಂದೆ. ಎಷ್ಟು ಸಿಟ್ಟು ಬಂದಿತ್ತು ನನಗೆ! ಈಗಲೂ ಇದೆ.

ಮದುವೆಯಾಗಿ ವಿಜಾಪುರಕ್ಕೆ ಹೋದಾಗ ನಮ್ಮತ್ತೆ ನನ್ನ ಹೆರಳು ಮೂಸಿ, ಇದು ಎಲ್ಲಿಯ ಎಣ್ಣೆ ಎಂದು ಕೇಳಿದಳು. ನನ್ನನ್ನು ಬಿಟ್ಟುಹೋಗಲು ಬಂದಿದ್ದ ಅವ್ವ ಥಟ್ಟನೆ "ಪ್ಯಾಟಿಯಿಂದ ತಂದದ್ದರಿ" ಅಂದುಬಿಟ್ಟಳು. ಯುದ್ಧದ ಕಾಲ, ಪ್ಯಾಟಿಯಲ್ಲಿ ಸಕ್ಕರೆಗೇ ಗತಿಯಿಲ್ಲ, ಅಂಥಾ ಎಣ್ಣೆ ಎಲ್ಲಿಂದ ಬರಬೇಕು? ಆದರೂ ಅತ್ತೆ ನಂಬಿದಳು. ಎರಡು ವರ್ಷ ಆ ಸುಳ್ಳು ಬಾಳಿತು. ಆಮೇಲೆ ವಿಷಮಜ್ವರ ಬಂದು ನನ್ನ ಗಂಡ ಹೋದರು.

ನೀನು ನನ್ನನ್ನು ನೋಡಲು ಬಂದ ದಿನವನ್ನು ನಾನು ಹೇಗೆ ಮರೆಯಲಿ? ನನ್ನ ತಲೆ ತಬ್ಬಿಕೊಂಡು, "ನಾ ಮಾಡಿದ ಎಣ್ಣಿ ಹಚಗೊಂಡ ತಲಿ ಬೇ ಇದು" ಎಂದು ಗಳಗಳ ಅತ್ತುಬಿಟ್ಟೆ. ದುಃಖದಲ್ಲಿ ಬಾಯಿ ತಪ್ಪಿ ಬಂದ ಮಾತು. ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ಕೇಳಿಸಿಕೊಂಡಳು. "ಅಂದ್ರ ಪ್ಯಾಟಿದಲ್ಲ? ಈ ಗಂಡ ಸತ್ತಾಕಿ ಕೈಯಾಗಿಂದಾ? ನನ್ನ ಮಗನ್ನ ನೀನ ತಿಂದಿ!" ಅಂದಳು. ನೀನು ಸೆರಗು ಎಳೆದುಕೊಂಡು ಹಾಗೇ ಹೊರಬಿದ್ದೆ. ಊರಿಗೆ ಹೋದವಳು ಎಳ್ಳಿನ ಹರವಿಗಳನ್ನು ಬೋರಲು ಹಾಕಿ ಎಣ್ಣೆ ಮಾಡುವುದನ್ನೇ ಬಿಟ್ಟೆಯಂತೆ. "ನನ್ನ ಕೈ ಅಂಥಾದ್ದು" ಎಂದು ಅಜ್ಜಿಯ ಮುಂದೆ ಹೇಳುತ್ತಿದ್ದೆಯಂತೆ. ಅದನ್ನೇ ನಂಬಿಕೊಂಡು ಸತ್ತೆಯಾ, ಚಿಗವ್ವಾ? ಅಷ್ಟು ಜಾಣೆ ನೀನು, ಅದನ್ನು ಹೇಗೆ...

ಈಗ ಗಂಗವ್ವನಿಗೆ ವಿಜಾಪುರದಲ್ಲೇ ವರ ಗೊತ್ತಾಗಿದೆ. ನಾನು ತಿಕೋಟಾಕ್ಕೆ ಬಂದು ಅವ್ವನ ಜೊತೆ ಇದ್ದೇನೆ. ಮಳೆಗಾಲದಲ್ಲಿ ಗಂಗವ್ವ ಹಳ್ಳದ ದಂಡೆಯಿಂದ ಕ್ಯಾದಗಿ ಕೊಯ್ಯಿಸಿಕೊಂಡು ಬಂದು ನನ್ನ ಮುಂದೆ ಸುರುವಿದಳು. "ಚಿಗವ್ವ ಇಲ್ಲ, ನೀನ ಮಾಡ" ಅಂದಳು. ನಾನು ಹಿಂದೆ ಸರಿದೆ. ನಾಳೆ ಆ ಹುಡುಗನಿಗೆ ಒಂದು ಕೆಮ್ಮು ಬಂದರೂ ಬೆರಳು ನನ್ನ ಕಡೆಗೇ ತಾನೆ? ಅವ್ವನೂ ಹೆದರಿದಳು. "ಮಾಡು, ಆದ್ರ ಪ್ಯಾಟಿದಂತ ಹೇಳೂನು" ಅಂದಳು. ಮತ್ತೆ ಅದೇ! ಆದರೂ ಗಂಗವ್ವನ ಹಟಕ್ಕೆ ಎಳ್ಳು ಹರಡಿದೆ.

ಮೊನ್ನೆ ಬೀಗಿತ್ತಿ, ಆ ಹುಡುಗನ ತಾಯಿ, ಬಂದಿದ್ದಳು. ಒಳಗಿನ ಘಮ ಹಿಡಿದು ಎಣ್ಣೆ ಯಾರು ಮಾಡುವುದೆಂದು ಕೇಳಿದಳು. ಅವ್ವ ಬಾಯಿ ತೆರೆಯುವ ಮುಂಚೆ ಗಂಗವ್ವ, "ನಮ್ಮಕ್ಕರಿ" ಅಂದಳು. ಬೀಗಿತ್ತಿ ನನ್ನ ಬೋಳು ಹಣೆ ನೋಡಿದಳು. ಗಂಗವ್ವ ಅವ್ವನ ಕಡೆ ತಿರುಗಿ ಕೇಳಿದಳು:

"ಚಿಗವ್ವನ ಮದವ್ಯಾಗ ಎಣ್ಣಿ ಯಾರ ಮಾಡಿದ್ರ ಬೇ?"

"ಐದ ಮಂದಿ ಮುತ್ತೈದೇರು."

"ಮತ್ತ ಚಿಗಪ್ಪ ಯಾಕ ಸತ್ತಾ?"

 ಬೀಗಿತ್ತಿ ಚಹಾದ ಬಟ್ಟಲು ಕೆಳಗಿಟ್ಟು, "ಹುಡುಗಿ ಬಾಯಿ ಭಾಳ ಆತು" ಎಂದು ಎದ್ದು ಹೋದಳು. ಅಲ್ಲಿಂದ ಇನ್ನೂ ಸುದ್ದಿಯಿಲ್ಲ. ಅವ್ವ ಊಟ ಬಿಟ್ಟಿದ್ದಾಳೆ. ಮದುವೆ ಮುರಿದರೆ ಎಂಬ ಹೆದರಿಕೆ ನನಗೂ ಇದೆ. ಆದರೆ ಗಂಗವ್ವ ಕೇಳಿದ ಆ ಒಂದು ಮಾತನ್ನು ನೀನು ಬದುಕಿದ್ದಾಗ ನಮ್ಮಲ್ಲಿ ಒಬ್ಬರಾದರೂ ಕೇಳಿದ್ದರೆ...

ಇವತ್ತು ಗಾಣದಿಂದ ಎಣ್ಣೆ ಬಂತು. ಮದುಮಗಳಿಗಿಂತ ಮೊದಲು ನಾನೇ ಒಂದು ಬೆರಳು ಅದ್ದಿ ನನ್ನ ನೆತ್ತಿಗೆ ಹಚ್ಚಿಕೊಂಡೆ. ಅವ್ವ ನೋಡಿದಳು. ಹಿತ್ತಲಲ್ಲಿ ಬೂದಿ ಇದೆ, ನೀರೂ ಇದೆ. ಈ ಕಾಗದಕ್ಕೆ ಕ್ಯಾದಗಿಯ ವಾಸನೆ ಹತ್ತಿದ್ದರೆ ಮೂಸಿ ನೋಡು, ಚಿಗವ್ವಾ. ನಾನು ಕೈ ತೊಳೆದುಕೊಂಡಿಲ್ಲ.