ಮೂರನೆಯ ಬೋರ್ಡು

ರಾಮತೀರ್ಥ ನಗರ, ಬೆಳಗಾವಿ
೧೧ ಫೆಬ್ರುವರಿ ೨೦೨೫

ಪ್ರೀತಿಯ ರಾಧಿಕಾ,

ಪುಣೆಯಲ್ಲಿ ನೀನು, ತುಷಾರ, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೆಸೇಜುಗಳಿಗೆಲ್ಲ ಬರೀ ನಗುಮುಖ ಕಳಿಸಿ ಸುಮ್ಮನಾದೆ, ಬೈಯಬೇಡ. ಫೋನಿನಲ್ಲಿ ಹೇಳಲು ಹೋದರೆ ನಡುವೆಯೇ ಅಳು ಬರುತ್ತದೆ, ಪಕ್ಕದ ಕೋಣೆಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ನಮ್ಮ ಮನೆಯವರು, ಪ್ರಸಾದರು, ಹಳೆಯ ಜೀಪು ಕೊಂಡದ್ದು ನಿನಗೆ ಗೊತ್ತು. ಅದರ ಕಾರ್ಬುರೇಟರ್ ಕಿತ್ತು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಕೂರಿಸುವ ಹುಚ್ಚು ಅವರಿಗೆ. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು ಎಂದು ಎಂಜಿನ್ನಿಗೆ ಹೇಳಲು ಆಗ ಒಂದು ಕಂಟ್ರೋಲರ್, ಅಂದರೆ ಸರ್ಕಿಟ್ ಬೋರ್ಡು, ಬೇಕು. ಸಿದ್ಧವಾದದ್ದು ಸಿಗುತ್ತದೆ. ಆದರೆ ಇವರು, "ಯಾಕ ಕೊಳ್ಳೂದು? ನೀ ಎಲೆಕ್ಟ್ರಾನಿಕ್ಸ್ ಓದೀದಿ. ಎಂಜಿನ್ ನಂದು, ಬೋರ್ಡ್ ನಿಂದು. ಮಾಡೂಣು ನಡಿ" ಎಂದರು. ಮಗಳು ಪೂರ್ಣಿಮಾ ಹುಟ್ಟಿದ ಮೇಲೆ ಕೆಲಸ ಬಿಟ್ಟವಳು ನಾನು. ನಾನೇನು ಓದಿದ್ದೆನೆಂದು ಇಷ್ಟು ವರ್ಷ ಯಾರೂ ನೆನಪಿಸಿರಲಿಲ್ಲ.

ಕಂಪ್ಯೂಟರಿನಲ್ಲಿ ಸರ್ಕಿಟ್ ನಕ್ಷೆ ಬರೆಯುವುದನ್ನು ಮೊದಲಿನಿಂದ ಕಲಿತೆ. ಮೊದಲ ಬೋರ್ಡಿನಲ್ಲಿ ವೈರು ಸಿಕ್ಕಿಸುವ ಕನೆಕ್ಟರ್ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿತ್ತು. ಪ್ರಸಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಕ್ಷೆಯನ್ನು ಅದೇ ಅಳತೆಗೆ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗಗಳನ್ನು ಇಟ್ಟು ನೋಡಿಯೇ ತಯಾರಿಸಲು ಕಳಿಸಿದೆ. ಎರಡನೆಯ ಬೋರ್ಡಿಗೆ ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಓಡತೊಡಗಿತು. ನಾನು ಅತ್ತೇಬಿಟ್ಟೆ.

ಅದೇ ಜೀಪಿನಲ್ಲಿ ಖಾನಾಪುರಕ್ಕೆ, ನಿನ್ನ ತವರಿಗೇ ಹೋದೆವು. ನಿನ್ನ ತಾಯಿ ಜೀಪಿಗೆ ಕುಂಕುಮ ಹಚ್ಚಿ, "ಖರೇನ ನೀನ ಮಾಡೀಯೇನ ಪೋರಿ?" ಎಂದು ನನ್ನ ಗಲ್ಲ ಸವರಿದರು. ಮುಂದೆ ಆದದ್ದನ್ನು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ.

ವಾಪಸು ಬರುವಾಗ, ದೇಸೂರ ದಾಟುತ್ತಿದ್ದಂತೆ ಎಂಜಿನ್ ಒಮ್ಮೆಲೇ ಸತ್ತಿತು. ಹಿಂದಿದ್ದ ಲಾರಿ ಬ್ರೇಕ್ ಹಾಕಿದರೂ ಬಂದು ತಾಗಿತು. ಪೂರ್ಣಿಮಾಳ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿದು ಹುಬ್ಬು ಸೀಳಿತು. ಲಾರಿಯವನು, "ನಡು ರಸ್ತೆದಾಗ ಗಾಡಿ ನಿಲ್ಲಸ್ತಾರೇನ್ರಿ?" ಎಂದು ಕೂಗುತ್ತ ಬಂದವನು, ಮಗುವಿನ ರಕ್ತ ನೋಡಿ, "ಏರ್ರಿ, ಲಗೂನ ಏರ್ರಿ" ಎಂದು ತಾನೇ ಆಸ್ಪತ್ರೆಗೆ ಕರೆತಂದ. ದೇವರ ದಯೆ, ಕಣ್ಣಿಗೇನೂ ಆಗಲಿಲ್ಲ. ಹೊಲಿಗೆಯ ಗುರುತು ಉಳಿದಿದೆ.

ತಪ್ಪು ನನ್ನದೇ. ಕಿಡಿ ಹಾರಿಸುವ ಭಾರೀ ಕರೆಂಟಿಗೂ ಎಂಜಿನ್ ತಿರುಗುವುದನ್ನು ಗಮನಿಸುವ ಸೆನ್ಸರಿನ ಸೂಕ್ಷ್ಮ ಸಂಕೇತಕ್ಕೂ ಹಿಂದಿರುಗಲು ತಾಮ್ರದ ಒಂದೇ ಸಣ್ಣ ಗೆರೆ ಬಿಟ್ಟಿದ್ದೆ. ಆ ಗದ್ದಲದಲ್ಲಿ ಬೋರ್ಡಿಗೆ ಸೆನ್ಸರ್ ಹೇಳುವುದು ಕೇಳಿಸದೆ ಎಂಜಿನ್ ನಿಲ್ಲಿಸಿಬಿಟ್ಟಿತು. ಸಾಮಾನೆಲ್ಲ ಅಟ್ಟಕ್ಕೆ ಹಾಕಿದೆ. ಪ್ರಸಾದರೇ ಕೆಳಗಿಳಿಸಿದರು. "ತಪ್ಪ ಎಲ್ಲೈತಿ ಗೊತ್ತಾತಲ್ಲ? ಮತ್ತೊಂದು ಮಾಡು. ಇಲ್ಲಿಗೆ ಬಿಟ್ರ ಜೀವ ಇರೂತನಕ ಅದ ಬೋರ್ಡ್ ನಿನ್ನ ಕಣ್ಣಮುಂದ ಇರತೈತಿ" ಎಂದರು.

ಮಾಡಿದೆ. ಎರಡು ದಾರಿಗಳನ್ನೂ ಬೇರ್ಪಡಿಸಿ, ದಿನಗಟ್ಟಲೆ ಮೇಜಿನ ಮೇಲೇ ಓಡಿಸಿ ಪರೀಕ್ಷಿಸಿದೆ. ದೀಪಾವಳಿಯಲ್ಲಿ ಅವರೇ ಜೀಪಿಗೆ ಕೂರಿಸಿದರು. ನೋಡುವ ಧೈರ್ಯವಿಲ್ಲದೆ ನಾನು ಒಳಗಿದ್ದೆ. ಈಗ ದಿನಾ ಪೂರ್ಣಿಮಾಳನ್ನು ಕ್ಯಾಂಪ್ ಪ್ರದೇಶದ ಶಾಲೆಗೆ ಅದರಲ್ಲೇ ಬಿಡುತ್ತಾರೆ. ಒಮ್ಮೆಯೂ ನಿಂತಿಲ್ಲ. ಮನೆಗೆ ಬಂದವರಿಗೆಲ್ಲ, "ಗಾಡಿ ನಂದು, ಅದರ ತಲಿ ನಮ್ಮ ಮನಿಯಾಕಿ ಮಾಡಿದ್ರಿ" ಎನ್ನುತ್ತಾರೆ.

ಪುಟ್ಟನಿಗೆ ನನ್ನ ಮುತ್ತು ಕೊಡು. ಬಸವಣ್ಣ ನಿಮ್ಮನ್ನು ತಂಪಾಗಿಟ್ಟಿರಲಿ.

ನಿನ್ನ
ಐಶ್ವರ್ಯಾ

ತಾ.ಕ.: ಮೊನ್ನೆ ಭಾನುವಾರ ಅವರು ಸ್ನಾನಕ್ಕೆ ಹೋದಾಗ, ಬೋರ್ಡು ಹೇಗಿದೆ ನೋಡೋಣವೆಂದು ಲ್ಯಾಪ್‌ಟಾಪ್ ಜೋಡಿಸಿದೆ. ಅದು ನನ್ನ ಬೋರ್ಡನ್ನು ಗುರುತಿಸಲೇ ಇಲ್ಲ. ಬೋರ್ಡಿನ ಡಬ್ಬಿ ಬಿಚ್ಚಿದೆ. ನಾನೇ ಹೆಸರು ಬರೆದ ಡಬ್ಬಿಯೊಳಗೆ ಕೊಂಡು ತಂದ ಕಂಟ್ರೋಲರ್ ಇತ್ತು. ವೈರುಗಳ ಟೇಪಿನ ಮೇಲೆ ತಿಂಗಳುಗಳ ಧೂಳು. ನನ್ನ ಬೋರ್ಡು ಸೀಟಿನ ಕೆಳಗೆ, ಪೂರ್ಣಿಮಾಳ ಹಳೆಯ ಲಂಗದಲ್ಲಿ ಜೋಪಾನವಾಗಿ ಸುತ್ತಿಡಲಾಗಿತ್ತು. ಎಲ್ಲವನ್ನೂ ಇದ್ದ ಹಾಗೇ ಮುಚ್ಚಿದೆ. ಊಟಕ್ಕೆ ಕೂತಾಗ, "ಗಾಡಿ ಹೆಂಗ ನಡದೈತ್ರಿ?" ಎಂದೆ. "ಏನೂ ತಕರಾರ ಇಲ್ಲ. ನಿನ್ನ ಕೈ ಅಂದ್ರ ಕೈ ನೋಡು" ಎಂದರು, ತಲೆಯೆತ್ತದೆ ರೊಟ್ಟಿ ಮುರಿಯುತ್ತ. ಮಗಳನ್ನು ಕೂರಿಸಿಕೊಂಡು ಹೋಗುವವಳು ನಾನಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅದಕ್ಕೇ ಸಿಟ್ಟಾಗಲೂ ಆಗುತ್ತಿಲ್ಲ ರಾಧಿಕಾ. ನಾಳೆ ಅವರ ಗೆಳೆಯರು ಊಟಕ್ಕೆ ಬರುತ್ತಾರೆ. ಇವರು ಮತ್ತೆ ಹೊಗಳುತ್ತಾರೆ, ನಾನು ಪಕ್ಕದಲ್ಲಿ ನಿಂತು ನಗಬೇಕು.